ನೋವು ನಿಂತ ಹಲ್ಲು

“ನೋವು ನಿಂತೇಹೋಯ್ತು. ಇನ್ನು ಕೀಳೋದು ಬೇಡ, ಬಿಡಿ.”

ನನ್ನ ಹೆಂಡತಿ ಹೊನ್ನಾಜಿ ಕಡೆಯದಾಗಿ ಆಡಿದ ಮಾತು ಇದು. ಊರವರ ಹಲ್ಲು ಕೀಳುವವನು ನಾನು. ಅವಳ ಮಾತು ಕೇಳಿ ಇಕ್ಕಳ ಒಳಗಿಟ್ಟೆ. ಬೆಳಗಾಗುವಷ್ಟರಲ್ಲಿ ಕೆನ್ನೆ, ಕುತ್ತಿಗೆ ಊದಿ ಗಂಟಲು ಕಟ್ಟಿತು. ಮೂರನೆಯ ದಿನ ಹೋದಳು.

ಹದಿನೈದು ದಿನ ಕಳೆದಿತ್ತು. ಕೆಂಗಲ್ಲುಪುರದ ಆನೆಬಾಗಿಲಲ್ಲಿ ನಗಾರಿ ಬಡಿಯುತ್ತಿತ್ತು. ಕೋಟೆಯ ಕೆಂಪು ಗೋಡೆಯ ಮೇಲೆ ಜನ, ಅಂಗಡಿಗಳ ಮಾಡಿನ ಮೇಲೆ ಜನ. ನಾಳೆ ಹಡಪದ ಸಿಂಗಣನಿಗೆ ಆನೆಯ ಕಾಲಡಿ ಸಾವು ಎಂದು ಡಂಗುರದವನು ಸಾರಿದ.

ಸಿಂಗಣ ದೊರೆ ಮಾಚರಸರಿಗೆ ವೀಳ್ಯ ಮಡಿಸಿ ಕೊಡುವವನು. ಸದಾ ದೊರೆಯ ಪಕ್ಕದಲ್ಲಿ ನಿಲ್ಲುವ ಜಾಗ ಅದು. ಅದರ ಮೇಲೆ ಪ್ರಧಾನಿ ದೇಮರಸಯ್ಯನವರ ಅಳಿಯನ ಕಣ್ಣಿತ್ತು. ದೊರೆಗೆ ಹಲ್ಲುನೋವು ಬಂದಾಗ, ವೀಳ್ಯದಲ್ಲಿ ವಿಷವಿದೆಯೆಂದು ಪ್ರಧಾನಿಗಳು ಸಿಂಗಣನನ್ನು ಸೆರೆಗೆ ಹಾಕಿಸಿದರು. ಎರಡನೆಯ ದಿನವೇ ನೋವು ನಿಂತಿತು. ಇನ್ನೇನು ಸಾಕ್ಷಿ ಬೇಕು ಎಂದರು ಎಲ್ಲರೂ.

ನೋವು ನಿಂತಿತೆಂಬ ಮಾತು ಕೇಳಿದ್ದೇ ಎದ್ದೆ. ಅರಮನೆಗೆ ಹೋಗಿ ದೊರೆಯ ಕಾಲಿಗೆ ಬಿದ್ದೆ. ಅಲ್ಲಿ ಯಾರೂ ಯಾರ ಮುಖವನ್ನೂ ನೇರ ನೋಡುತ್ತಿರಲಿಲ್ಲ. ದೊರೆ ಕುಡಿಯುವ ನೀರನ್ನು ಮೂವರು ರುಚಿ ನೋಡುತ್ತಿದ್ದರು.

“ಮಹಾಸ್ವಾಮಿ, ನೋವು ನಿಂತದ್ದು ಗುಣವಲ್ಲ. ಹುಳುಕು ಬೇರು ಮುಟ್ಟಿ ಹಲ್ಲು ಸತ್ತಿದೆ. ಇನ್ನು ಕೀವು ಕಟ್ಟುತ್ತದೆ.”

ಪ್ರಧಾನಿಗಳು ನಕ್ಕರು. “ನೋವಿಲ್ಲದ ಹಲ್ಲಿಗೆ ವೈದ್ಯ ಬಂದಿದ್ದಾನೆ! ಸಿಂಗಣ ನಿನಗೆ ಏನಾಗಬೇಕೋ? ಮಾವನೋ, ಭಾವನೋ?”

“ಏನೂ ಆಗಬೇಕಿಲ್ಲ ಸ್ವಾಮಿ. ನನ್ನ ಹೆಂಡತಿಯ ನೋವೂ ಹೀಗೇ ನಿಂತಿತ್ತು.”

“ವಿಷವಲ್ಲದಿದ್ದರೆ ಹುಳುಕು ಎಲ್ಲಿಂದ ಬಂತು?” ದೊರೆ ಕೇಳಿದರು.

“ಬುದ್ಧಿ, ಮಲಗುವಾಗ ಬಾಯಲ್ಲಿ ಏನಾದರೂ ಇಟ್ಟುಕೊಳ್ಳುವುದುಂಟೆ?”

ದೊರೆ ನಾಚಿದರು. “ಕಲ್ಲುಸಕ್ಕರೆ. ಎಳವೆಯ ಅಭ್ಯಾಸ.”

“ಅದೇ ಸ್ವಾಮಿ. ಸಿಹಿ ಸಂದಿಯಲ್ಲಿ ಕೂತು ಹಲ್ಲು ಕೊರೆಯುತ್ತದೆ. ಲವಂಗದೆಣ್ಣೆ ಹಚ್ಚಿದರೂ ನೋವಷ್ಟೇ ತಗ್ಗುತ್ತದೆ, ಹುಳುಕು ನಿಲ್ಲುವುದಿಲ್ಲ. ಈಗ ಕೀಳಲೇಬೇಕು.”

“ಕಬ್ಬಿಣ ಹಿಡಿದು ದೊರೆಯ ಬಾಯಿಗೆ ಕೈ ಹಾಕುತ್ತಾನಂತೆ!” ಪ್ರಧಾನಿಗಳು ಗದರಿದರು. “ಸಿಂಗಣನಿಂದ ಆಗದ್ದನ್ನು ಇವನು ಮುಗಿಸಲು ಬಂದಿದ್ದಾನೆ.”

ದೊರೆ ಇಬ್ಬರನ್ನೂ ನೋಡಿದರು, ಇಬ್ಬರನ್ನೂ ನಂಬಲಿಲ್ಲ. “ಇವನೂ ಸೆರೆಯಲ್ಲಿರಲಿ. ಬೆಳಗ್ಗೆ ಕೆನ್ನೆ ಊದಿದರೆ ಕೀಳಲಿ. ಊದದಿದ್ದರೆ ಆನೆಯ ಮುಂದೆ ಇಬ್ಬರೂ.”

ಸೆರೆಯಲ್ಲಿ ಸಿಂಗಣ ಕೇಳಿದ: “ನಿನಗ್ಯಾಕಪ್ಪ ಬೇಕಿತ್ತು ಇದು?”

“ಒಂದು ಸಲ ಸುಮ್ಮನಿದ್ದೆ,” ಅಂದೆ.

ಬೆಳಗಾಯಿತು. ದೊರೆಯ ಎಡಗೆನ್ನೆ ಊದಿತ್ತು. ಆದರೂ ಪ್ರಧಾನಿಗಳು ಅಡ್ಡ ನಿಂತರು. “ದೊರೆಗೆ ಕೊಡುವ ಮದ್ದನ್ನು ಕೊಡುವವನೇ ಮೊದಲು ತಿನ್ನಬೇಕು. ಅರಮನೆಯ ಕಟ್ಟಳೆ. ಇಕ್ಕಳಕ್ಕೆ ವಿಷ ಸವರಿದ್ದರೆ?”

ಕಟ್ಟಳೆ ಸರಿಯೇ. ದೊರೆಯ ಎದುರು ಕೂತೆ. ನನ್ನದೇ ಗಟ್ಟಿ ದವಡೆಹಲ್ಲೊಂದನ್ನು ಇಕ್ಕಳದಲ್ಲಿ ಹಿಡಿದೆ. ಸುಲಭಕ್ಕೆ ಬರಲಿಲ್ಲ. ಕಿತ್ತು, ರಕ್ತ ಉಗಿದು, ಇಕ್ಕಳವನ್ನು ಕುದಿನೀರಿನಲ್ಲಿ ತೊಳೆದೆ. ದೊರೆ ತಾವಾಗಿಯೇ ಬಾಯಿ ತೆರೆದರು. ಹಲ್ಲು ಬಂತು, ಹಿಂದೆಯೇ ಕೀವು. ಹಲ್ಲಿನ ನಡುವೆ ಕಪ್ಪು ತೂತು. ತಟ್ಟೆಯಲ್ಲಿಟ್ಟು ಹಿಡಿದೆ. ಪ್ರಧಾನಿಗಳು ಮೂಗು ಮುಚ್ಚಿಕೊಂಡರು.

“ಸಿಂಗಣನನ್ನು ಬಿಡಿ,” ಎಂದರು ದೊರೆ.

ಬೀಗದ ಕೈ ಇಸಿದುಕೊಂಡು ನಾನೇ ಹೋದೆ. ಬಾಯಿ ತುಂಬ ಬಟ್ಟೆ, ಮಾತಾಡಲು ಆಗುತ್ತಿರಲಿಲ್ಲ. ಸುಮ್ಮನೆ ಬಾಗಿಲು ತೆಗೆದೆ.