ಮೂವರು ಕೊಟ್ಟ ಬಿಸಿಲು

ಚಹಾದ ಲೋಟವನ್ನು ಅರ್ಧಕ್ಕೇ ಬಿಟ್ಟು ಕಂಪ್ಯೂಟರ್ ಮೇಡಂ ಎದ್ದು ಹೋದಾಗ ಲೆಕ್ಕದ ಲೆಕ್ಚರರನ ಎದೆ ಧಸಕ್ಕೆಂದಿತು. ಮುಗಿಯಿತು, ಇವಳಿಗೆ ತನ್ನ ಮೇಲೆ ಬೇಸರ ಬಂದಿದೆ ಎಂದುಕೊಂಡ. ಗಂಡಸಿನ ಜಂಬವೇ ಅಷ್ಟು. ಹೆಣ್ಣಿಗೆ ಹೊಟ್ಟೆ ತೊಳಸಿದರೂ ಅದಕ್ಕೆ ತಾನೇ ಕಾರಣ ಎನ್ನುತ್ತಾನೆ. ಈ ಸಲ ಮಾತ್ರ ಕಾರಣ ಅವನೇ ಆಗಿದ್ದ. ಅದು ಅವನಿಗೆ ಗೊತ್ತಿರಲಿಲ್ಲ, ಅಷ್ಟೆ.

ಕಾಲೇಜು ಇಬ್ಬರ ತಲೆಗೂ ಒಂದೇ ಕೆಲಸ ಕಟ್ಟಿತ್ತು. ಹುಡುಗರು ಗುಂಪಾಗಿ ಪ್ರಾಜೆಕ್ಟ್ ಮಾಡುತ್ತಾರಲ್ಲ, ಅದರಲ್ಲಿ ಯಾರು ದುಡಿದರು, ಯಾರು ಕೂತು ಉಂಡರು ಎಂದು ಈಗ ಒಂದು ಆ್ಯಪ್ ಹೇಳುತ್ತದೆ. ಯಾರು ಎಷ್ಟು ಬರೆದರು, ಯಾರ ಪ್ರಶ್ನೆಗೆ ಯಾರು ಉತ್ತರ ಕೊಟ್ಟರು, ಎಲ್ಲವೂ ಬಣ್ಣಬಣ್ಣದ ಗೆರೆಗಳಾಗಿ ಸ್ಕ್ರೀನಿಗೆ ಬರುತ್ತವೆ. ಇಬ್ಬರೂ ಅಕ್ಕಪಕ್ಕ ಕೂತು ನೋಡಿ ಒಪ್ಪಿದರೇ ಮಾರ್ಕ್ಸು. ಕಿಟಕಿಯಿಲ್ಲದ ಲ್ಯಾಬು, ಒಂದು ಸ್ಕ್ರೀನು, ಎರಡು ಕುರ್ಚಿ. ಅಲ್ಲಿ ಪ್ರೀತಿ ಹುಟ್ಟದೆ ಸೊಳ್ಳೆ ಹುಟ್ಟುತ್ತದೆಯೇ?

ಒಮ್ಮೆ ಒಂದು ಗುಂಪಿನ ಮೂವರೂ ಒಂದೇ ಅಧ್ಯಾಯವನ್ನು ಬರೆದು ತಂದಿದ್ದರು. ದುಡಿದಿದ್ದಾರೆ ಎಂದು ಆ್ಯಪ್ ಮೂವರಿಗೂ ಹಸಿರು ಗೆರೆ ಎಳೆದಿತ್ತು. ಮೂರು ಜನ ಒಂದೇ ಗೋಡೆಗೆ ಸುಣ್ಣ ಬಳಿದಿದ್ದೀರಿ, ಒಬ್ಬರನ್ನೊಬ್ಬರು ಕೇಳಬಾರದಾ ಎಂದು ಮೇಡಂ ಆ ಮೂವರ ಬೆವರಿಳಿಸಿದ್ದಳು. ಬೈಯುವಾಗ ಅವಳ ಹುಬ್ಬು ಮೇಲೇರುವುದನ್ನೇ ನೋಡುತ್ತ ಅವನು ಮಾರ್ಕ್ಸ್ ಹಾಕುವುದನ್ನೇ ಮರೆತಿದ್ದ.

ಅವಳಿಗೆ ಮೂಳೆನೋವು ಬಂದಾಗ ರಕ್ತ ಪರೀಕ್ಷೆಯಲ್ಲಿ ವಿಟಮಿನ್ ಡಿ ಕಡಿಮೆ ಎಂದಾಯಿತು. ಡಾಕ್ಟರು ವಾರಕ್ಕೊಂದು ಪುಡಿಯ ಪೊಟ್ಟಣ ಬರೆದರು. ಸುದ್ದಿ ಕೇಳಿದವನೇ ಇವನು ಆನ್‌ಲೈನಿನಲ್ಲಿ ಇದ್ದುದರಲ್ಲೇ ಜೋರಾದ ಕ್ಯಾಪ್ಸೂಲಿನ ಬಾಟಲಿ ತರಿಸಿದ. ದಿನವೂ ಚಹಾದ ಹೊತ್ತಿಗೆ ಅವಳ ಅಂಗೈಯಲ್ಲಿ ಒಂದು ಇಡುತ್ತಿದ್ದ.

"ಬಿಸಿಲಿಗೆ ಹೋಗದವ್ರಿಗೆ ಬಿಸಿಲನ್ನೇ ತಂದ್ಕೊಡ್ತಿದೀನಿ ಮೇಡಂ."

"ನೆರಳು ಬೇಕಾದ್ರೂ ನಿಮ್ಮನ್ನೇ ಕೇಳ್ಬೇಕಾ ಸರ್?" ಎಂದು ಅವಳು ತುಟಿಯ ಒಂದೇ ಬದಿಯಲ್ಲಿ ನಗುತ್ತಿದ್ದಳು. ಬೆರಳುಗಳನ್ನು ಮಡಚಲು ಬೇಕಾದ್ದಕ್ಕಿಂತ ತುಸು ಹೆಚ್ಚೇ ಹೊತ್ತು ತೆಗೆದುಕೊಳ್ಳುತ್ತಿದ್ದಳು. ಇಡೀ ದಿನದಲ್ಲಿ ಅವನು ಬದುಕುತ್ತಿದ್ದುದು ಆ ಹೊತ್ತಿನಲ್ಲಿ ಮಾತ್ರ.

ತಿಂಗಳುಗಳು ಉರುಳಿದಂತೆ ಅವಳು ಬಾಡತೊಡಗಿದಳು. ಬಾಟಲಿಗಟ್ಟಲೆ ನೀರು ಕುಡಿದರೂ ಬಾಯಾರಿಕೆ, ಮತ್ತೆಮತ್ತೆ ಬಾತ್‌ರೂಮಿಗೆ ಓಟ. ಊಟ ಕಂಡರೆ ವಾಕರಿಕೆ. ಕೇಳಿದರೆ ಸುಸ್ತು ಎನ್ನುತ್ತಿದ್ದಳು. ಸುಸ್ತಲ್ಲವೇ, ಬಿಸಿಲು ಸಾಲದು ಎಂದು ಇವನು ಕ್ಯಾಪ್ಸೂಲನ್ನು ಒಂದು ದಿನವೂ ತಪ್ಪಿಸಲಿಲ್ಲ. ಆಮೇಲೊಂದು ಮಧ್ಯಾಹ್ನ, ಎಲ್ಲರಿಗಿಂತ ಹೆಚ್ಚು ದುಡಿದ ಹುಡುಗಿಗೆ ಅವಳು ಸೊನ್ನೆ ಹಾಕಿದಳು. ಯಾಕೆ ಎಂದು ಕೇಳಿದ್ದಕ್ಕೆ ಇವನ ಮುಖವನ್ನೇ ದಿಟ್ಟಿಸಿದಳು.

"ನೀವು ಯಾವ ಡಿಪಾರ್ಟ್‌ಮೆಂಟು?"

ತಮಾಷೆ ಇರಬಹುದೆಂದು ಕಣ್ಣು ನೋಡಿದ. ಅಲ್ಲಿ ತಮಾಷೆ ಇರಲಿಲ್ಲ, ಅವನ ಗುರುತೂ ಇರಲಿಲ್ಲ. ಅವಳು ಕೀಬೋರ್ಡಿನ ಮೇಲೆಯೇ ವಾಂತಿ ಮಾಡಿಕೊಂಡು ಪಕ್ಕಕ್ಕೆ ವಾಲಿದಳು.

ಆಸ್ಪತ್ರೆಗೆ ಅವಳ ಅಮ್ಮ ಬಂದರು, ಹಿಂದೆಯೇ ತಮ್ಮ ಬಂದ. ಲಾರಿ ಓಡಿಸುವ ಹುಡುಗ, ಒನಕೆಯಂಥ ತೋಳು. ಡಾಕ್ಟರಮ್ಮ ಸುತ್ತಿಬಳಸದೆ ಹೇಳಿದರು. ರಕ್ತದಲ್ಲಿ ಕ್ಯಾಲ್ಸಿಯಂ ವಿಪರೀತ ಏರಿದೆ, ಮಂಕು ಕವಿದಿರುವುದು ಅದರಿಂದಲೇ. ಕಿಡ್ನಿ ಸೋಲುತ್ತಿದೆ, ಹೃದಯದ ಬಡಿತವೂ ತಪ್ಪಬಹುದು. ಎಲ್ಲಾದರೂ ಗಡ್ಡೆ ಇದೆಯೋ ಏನೋ, ಹುಡುಕಬೇಕು. ಗಡ್ಡೆ ಎಂದದ್ದೇ ತಡ, ಅಮ್ಮ ಬೆಂಚಿನ ಮೇಲೆ ಕುಸಿದರು.

ವಿಟಮಿನ್ ಡಿ ಅತಿಯಾದರೂ ಕ್ಯಾಲ್ಸಿಯಂ ಹೀಗೆ ಏರುತ್ತದೆ, ಅದನ್ನೇನಾದರೂ ತೆಗೆದುಕೊಳ್ಳುತ್ತಿದ್ದಳೇ ಎಂದು ಡಾಕ್ಟರಮ್ಮ ಕೇಳಿದರು. ಬರೆದುಕೊಟ್ಟದ್ದು ಅಷ್ಟೇ, ವಾರಕ್ಕೊಂದು ಎಂದರು ಅಮ್ಮ, ನೆಲ ನೋಡುತ್ತ. ಡಾಕ್ಟರಮ್ಮ ತಲೆಯಾಡಿಸಿ ಹೊರಟರು.

ಬಾಟಲಿ ಇವನ ಬ್ಯಾಗಿನಲ್ಲೇ ಇತ್ತು. ಹೇಳಿದರೆ ಆ ತೋಳು ಸುಮ್ಮನಿರುವುದಿಲ್ಲ, ಅವಳ ಮರ್ಯಾದೆಯೂ ಬೀದಿಗೆ ಬರುತ್ತದೆ. ಹೇಳದಿದ್ದರೆ ಇವರು ಇಲ್ಲದ ಗಡ್ಡೆ ಹುಡುಕುತ್ತ ಕೂರುತ್ತಾರೆ, ಅವಳು ಕೈತಪ್ಪಿ ಹೋಗುತ್ತಾಳೆ. ಅದೆಲ್ಲಕ್ಕಿಂತ ದೊಡ್ಡ ಭಯ ಇನ್ನೊಂದು: ತಾನೇ, ತನ್ನ ಕೈಯಾರೆ, ನಗುನಗುತ್ತ ಅವಳಿಗೆ ವಿಷ ಹಾಕಿದೆನೇ? ಬಾಟಲಿ ಎಳೆದುಕೊಂಡು ಡಾಕ್ಟರಮ್ಮನ ಹಿಂದೆ ಓಡಿದ.

"ಡಾಕ್ಟ್ರೇ, ನಾನೂ ಕೊಡ್ತಿದ್ದೆ. ದಿನಾ ಒಂದು."

ತಮ್ಮ ಎದ್ದು ನಿಂತ. "ನೀನ್ಯಾರಯ್ಯಾ ನಮ್ಮಕ್ಕನಿಗೆ ಮಾತ್ರೆ ಕೊಡೋಕೆ?"

"ಇಷ್ಟ ಅಂತ ಬಾಯ್ಬಿಟ್ಟು ಹೇಳೋ ಧೈರ್ಯ ಇರ್ಲಿಲ್ಲ. ಅದಕ್ಕೆ ಮಾತ್ರೆ ಕೊಟ್ಟೆ."

ಬಾಟಲಿಯ ಮೇಲಿನ ಅಕ್ಷರ ಓದಿದ ಡಾಕ್ಟರಮ್ಮನ ಮುಖ ಗಟ್ಟಿಯಾಯಿತು. ಆಗ ಅಮ್ಮ ಅಳುತ್ತ ಬಾಯಿಬಿಟ್ಟರು. ಮಗಳು ಬೇಗ ಚೇತರಿಸಿಕೊಳ್ಳಲಿ ಎಂದು ವಾರದ ಪುಡಿಯನ್ನು ದಿನ ಬಿಟ್ಟು ದಿನ ಹಾಲಿಗೆ ಹಾಕುತ್ತಿದ್ದರಂತೆ. ತಮ್ಮನ ಒನಕೆ ತೋಳು ಜೋತುಬಿತ್ತು. ಅವನು ಗೆಳೆಯನ ಕ್ಲಿನಿಕ್ಕಿನಲ್ಲಿ ಅಕ್ಕನಿಗೆ ಅದೇ ವಿಟಮಿನ್ನಿನ ಇಂಜೆಕ್ಷನ್ ಮಾಡಿಸಿದ್ದನಂತೆ, ಒಂದಲ್ಲ, ಹಲವು. ಒಬ್ಬರು ಕೊಟ್ಟದ್ದು ಇನ್ನೊಬ್ಬರಿಗೆ ಗೊತ್ತಿಲ್ಲ.

"ಇದು ಮೂತ್ರದಲ್ಲಿ ಸುಲಭಕ್ಕೆ ಹೋಗೋ ವಿಟಮಿನ್ ಅಲ್ಲ, ಕೊಬ್ಬಲ್ಲಿ ಕೂತ್ಬಿಡತ್ತೆ," ಎಂದರು ಡಾಕ್ಟರಮ್ಮ. "ಮೂರು ಜನರ ಪ್ರೀತೀನ ಅವಳೊಬ್ಬಳ ಕಿಡ್ನಿ ಹೊರ್ಬೇಕಾಯ್ತು."

ಕಿಡ್ನಿ ಉಳಿಯುತ್ತದೆಯೇ ಎಂದು ಅವನು ಕೇಳಿದ. ಈಗಲೇ ಹೇಳಲಾಗದು ಎಂದು ಅವರು ಡ್ರಿಪ್ ಹಾಕಿಸಲು ಹೊರಟರು. ಹೊಡೆಯುತ್ತಾನೆಂದು ಕಾದರೆ ತಮ್ಮ ಹೊಡೆಯಲಿಲ್ಲ. ಬೆಂಚಿನಲ್ಲಿ ಸರಿದು ಜಾಗ ಕೊಟ್ಟ. ಮೂವರೂ ಒಬ್ಬರ ಮುಖ ಒಬ್ಬರು ನೋಡದೆ ಕೂತರು.

ಅವಳ ಮಂಕು ಹರಿಯಲು ದಿನಗಳೇ ಹಿಡಿದವು. ಅವನು ಬಾಗಿಲಲ್ಲೇ ನಿಂತಿದ್ದ, ಕಳ್ಳನ ಹಾಗೆ.

"ಒಳಗೆ ಬನ್ನಿ ಸರ್. ಡಾಕ್ಟ್ರ ಹತ್ರ ಏನೋ ಹೇಳಿದ್ರಂತೆ, ಎಲ್ಲರಿಗೂ ಕೇಳಿಸ್ತಂತೆ, ನನಗೊಬ್ಬಳಿಗೆ ಬಿಟ್ಟು."

"ಕೊಂದೇಬಿಡ್ತಿದ್ದೆ ನಿಮ್ಮನ್ನ."

"ನುಂಗಿದ್ದು ನಾನಲ್ವಾ? ಅಮ್ಮನ ಹಾಲು, ತಮ್ಮನ ಇಂಜೆಕ್ಷನ್ನು, ಎಲ್ಲಾ ಗೊತ್ತಿತ್ತು. ವಿಟಮಿನ್ ತಾನೇ, ಏನಾಗತ್ತೆ ಅಂದ್ಕೊಂಡೆ. ನಿಮ್ಮದನ್ನ ಬೇಡ ಅನ್ನೋಕೆ ಭಯ ಆಯ್ತು. ನಾಳೆಯಿಂದ ನನ್ನ ಕೈ ಮುಟ್ಟೋಕೆ ನಿಮಗೆ ನೆಪ ಇರಲ್ಲ ಅಂತ."

ಅವನು ಹೇಳಿದ. ಈ ಸಲ ಬಾಯಲ್ಲೇ, ಅವಳಿಗೊಬ್ಬಳಿಗೇ. ಅಲ್ಲಲ್ಲಿ ತೊದಲಿದ. ಅವಳು ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿಸಿಕೊಂಡಳು.

ಕಿಡ್ನಿ ಅರ್ಧ ಸುಧಾರಿಸಿತ್ತು. ಉಳಿದರ್ಧದ ಮಾತು ಯಾರೂ ಕೊಡಲಿಲ್ಲ. ಕೊಬ್ಬಿನಲ್ಲಿ ಕೂತದ್ದು ಇಳಿಯುವ ತನಕ ರಕ್ತ ಪರೀಕ್ಷೆಗೆ ಬರುತ್ತಲೇ ಇರಬೇಕು. ಪ್ರತಿ ರಿಪೋರ್ಟಿಗೂ ಜೀವ ಕೈಯಲ್ಲಿ ಹಿಡಿದು ಕಾಯಬೇಕು. ಡಿಸ್ಚಾರ್ಜಿನ ದಿನ ಅಮ್ಮ ಬ್ಯಾಗು ಹಿಡಿದು ಮುಂದೆ ನಡೆದರು. ತಮ್ಮ ಲಾರಿಗೆ ಹೊತ್ತಾಯಿತೆಂದು ಮೆಟ್ಟಿಲಿಳಿಯುತ್ತಿದ್ದವನು ತಿರುಗಿ ನಿಂತ.

"ಮುಂದಿನ ಸಲ ಟೆಸ್ಟಿಗೆ ನಾನು ಊರಲ್ಲಿರಲ್ಲ," ಎಂದ. "ನೀವೇ ಕರ್ಕೊಂಡು ಬನ್ನಿ, ಭಾವ."