ಗೀಟು ಬಿದ್ದ ಗುರುತು

"ಈ ರೈಫಲ್ಲಿನ ಅಸಲಿ ಬೋಲ್ಟನ್ನ ಬೇಕಂತಲೇ ಬೇರೆ ಡಬ್ಬೀಲಿ ಇಟ್ಟಿರೋದು ಸ್ವಾಮಿ. ಜೋಡಿ ಕೂಡಿಸಬೇಡಿ," ಎಂದ ಬಂದೂಕು ರಿಪೇರಿಯ ಮುದುಕ.

"ನಾನೇನು ಮದುವೆ ಮಾಡಿಸ್ತಿದೀನಾ ಅಜ್ಜಾ?" ಎಂದು ಸಂಗ್ರಹಾಲಯದ ಹೊಸ ಪರೀಕ್ಷಕ ನಕ್ಕ. ಎಣ್ಣೆಬಟ್ಟೆ ಹಿಡಿದು ನಿಂತ ಅವನ ತಂಗಿಯೂ ನಕ್ಕಳು. ಅವಳಿಗೆ ಮಾತು ಬರುವ ಮೊದಲೇ ಹೆತ್ತವರು ತೀರಿಕೊಂಡಿದ್ದರು. ತುತ್ತಿಟ್ಟು, ಜಡೆ ಹೆಣೆದು ಬೆಳೆಸಿದವನು ಅವನೇ. ಲೋಕದಲ್ಲಿ ಅವನಿಗೆ ಅವಳಲ್ಲದೆ ಬೇರೆ ಯಾರೂ ಇರಲಿಲ್ಲ.

ಕಿಟಕಿಯಿಲ್ಲದ ಆಯುಧಕೋಣೆಯಲ್ಲಿ ತುಕ್ಕು ಮತ್ತು ಹಳಸಿದ ಎಣ್ಣೆಯ ವಾಸನೆ ಹೆಪ್ಪುಗಟ್ಟಿತ್ತು. ಸೈನ್ಯದ ಹಳೆಯ ರೈಫಲ್ಲಿನ ಮೇಲೆ ಅವನು ಬೆರಳಾಡಿಸಿದ.

"ನೋಡು ಪುಟ್ಟಿ, ಇದು ಕಾರ್ಖಾನೆ ಮುದ್ರೆ. ಇದು ಪಡೆಯ ಗುರುತು. ಮೇಲೆ ಗೀಟು ಎಳೆದಿದಾರಲ್ಲ, ಅಂದ್ರೆ ಆ ಪಡೆಗೂ ಇದಕ್ಕೂ ಇನ್ನು ಸಂಬಂಧ ಇಲ್ಲ. ಹಳೇದನ್ನ ಅಳಿಸೋದಿಲ್ಲ, ಗೀಟು ಹೊಡೀತಾರೆ."

"ಬಂದೂಕಿನ ಮೈಗೊಂದು ನಂಬರು, ಒಳಗೆ ಗುಂಡು ತಳ್ಳೋ ಈ ಬೋಲ್ಟಿಗೆ ಇನ್ನೊಂದು?" ಎಂದಳು ತಂಗಿ.

"ಬೆರಕೆ. ಯಾವನೋ ಅವಿವೇಕಿ ಕೆಲಸ."

"ಆ ಅವಿವೇಕಿ ನಾನೇ," ಎಂದ ಮುದುಕ. "ಇದರ ಗುಂಡಿಗೆ ಅಣ್ಣನ್ನ ಕಳಕೊಂಡವಳು ಮಾಟ ಮಾಡಿಸಿದಾಳೆ. ಅಸಲಿ ಬೋಲ್ಟು ಹಾಕಿ ಇದನ್ನ ಪೂರ್ತಿ ಮಾಡಿದವನ ಒಡಹುಟ್ಟು ಉಳಿಯಲ್ಲ. ನನ್ನ ತಮ್ಮ ಉಳಿಲಿಲ್ಲ."

"ಇಷ್ಟು ವರ್ಷಕ್ಕೆ ಮಾಟಕ್ಕೂ ತುಕ್ಕು ಹಿಡಿದಿರುತ್ತೆ ಬಿಡಿ."

ಕಪ್ಪು ದಾರ ಸುತ್ತಿದ ಡಬ್ಬಿಯನ್ನು ಪರೀಕ್ಷಕ ಒಡೆದ. ಬೂದಿಯಲ್ಲಿ ಹೂತಿದ್ದ ಬೋಲ್ಟಿಗೆ ಹೆಣ್ಣಿನ ಉದ್ದ ಕೂದಲು ಸುತ್ತಿತ್ತು. ಅದನ್ನು ಕಿತ್ತೆಸೆದು, ರೈಫಲ್ಲಿನಲ್ಲಿದ್ದ ಬೆರಕೆ ಬೋಲ್ಟನ್ನು ಹೊರತೆಗೆದು, ಅಸಲಿಯದನ್ನು ಅದರ ಹಿಂಬದಿಯ ಗೂಡಿಗೆ ಹಿಡಿದ. ತಳ್ಳಬೇಕಾಗಲಿಲ್ಲ. ತಾನಾಗಿಯೇ ಒಳಸರಿಯಿತು.

ಖಟಕ್.

ದೀಪ ಕುಗ್ಗಿತು. ಸುಟ್ಟ ಕೂದಲಿನ ನಾತ ಎದ್ದಿತು. ಎಲ್ಲಿಯೋ ಸುತ್ತಿಗೆಯ ಏಟು ಕೇಳಿಸಿತು. ತಂಗಿ ಚೀರಿದಳು.

ರೈಫಲ್ಲಿನ ಬುಡ ಊರುವ ಭುಜದ ಗುಳಿಯಲ್ಲಿ ಅವಳ ಚರ್ಮ ತಗ್ಗಿ, ಒಂದು ಅಂಕಿ ಮೂಡಿತು. ರಕ್ತ ಜಿನುಗಿತು. ಮತ್ತೊಂದು ಏಟು. ಮತ್ತೊಂದು ಅಂಕಿ. ರೈಫಲ್ಲಿನದೇ ಸಂಖ್ಯೆ! ಏಟಿಗೊಮ್ಮೆ ಅವಳ ಉಸಿರು ಮೊಟಕಾಗುತ್ತಿತ್ತು.

"ಅಣ್ಣಾ... ಉಸಿರು..."

ಅವನು ಬೋಲ್ಟನ್ನು ಜಗ್ಗಿದ. ಬೆಸುಗೆ ಹಾಕಿದಂತೆ ಕುಳಿತಿತ್ತು. ಉಗುರು ಕಿತ್ತುಬಂತು; ಬೋಲ್ಟು ಬರಲಿಲ್ಲ.

"ಅಜ್ಜಾ, ಕಾಲಿಗೆ ಬೀಳ್ತೀನಿ, ಏನಾದ್ರೂ ಮಾಡಿ!"

"ದಾರಿ ಗೊತ್ತಿದ್ರೆ ನನ್ನ ತಮ್ಮನ್ನ ಮಣ್ಣು ಮಾಡ್ತಿದ್ನಾ? ಅವನ ಉಸಿರು ಹೋದಮೇಲೇ ಬೋಲ್ಟು ಬಿಟ್ಟಿದ್ದು."

ಅವಳ ತುಟಿ ನೀಲಿಗಟ್ಟಿತು. ಕೊನೆಯ ಅಂಕಿ ಮೂಡತೊಡಗಿತು. ಆಗ ಪರೀಕ್ಷಕನಿಗೆ ತನ್ನದೇ ಪಾಠ ನೆನಪಾಯಿತು. ಗೀಟು! ಉಳಿ ಹಿಡಿದ. ರೈಫಲ್ಲಿನ ಸಂಖ್ಯೆಯ ಮೇಲೆ ಊರಿದ.

"ತಡೀರಿ!" ಮುದುಕ ಕೂಗಿದ. "ಅದು ಯಾವ ಸಂಬಂಧ ಕಡಿಯುತ್ತೋ..."

ಅವನು ತಡೆಯಲಿಲ್ಲ. ಹೊಡೆದ. ಕಿಡಿ ಹಾರಿತು. ಉಕ್ಕಿನ ಮೇಲೆ ಗೀಟು ಬಿತ್ತು. ಅವಳ ಭುಜದ ಮೇಲೂ ಬಿತ್ತು.

ಸುತ್ತಿಗೆ ನಿಂತಿತು. ದೀಪ ಚೇತರಿಸಿತು. ಮುಳುಗಿ ಮೇಲೆದ್ದವಳಂತೆ ಅವಳು ಉಸಿರೆಳೆದುಕೊಂಡಳು.

"ಪುಟ್ಟಿ!" ಅಳುತ್ತ ಅವನು ಅವಳ ಮುಖವನ್ನು ಬೊಗಸೆಯಲ್ಲಿ ಹಿಡಿದ.

ಅವಳು ಆ ಕೈಗಳನ್ನು ಕೊಡವಿ, ತೆವಳುತ್ತ ಹೋಗಿ ಮುದುಕನ ಬೆನ್ನ ಹಿಂದೆ ಅಡಗಿದಳು.

"ಅಜ್ಜಾ," ಎಂದಳು, "ಇವರು ಯಾರು? ನನ್ನ ಯಾಕೆ ಮುಟ್ತಿದಾರೆ?"