ಬಿಳಿ ಕಾಲು ಯಾವ ಕಡೆ?

"ಇದು ಅದಲ್ಲ," ಎಂದ ಕುದುರೆ ಕಾಯುವ ಎರ್ಮೆಕ್.

ಕಂಕುಳಲ್ಲಿ ರೊಟ್ಟಿ, ಕೈಯಲ್ಲಿ ಚಹಾಪುಡಿಯ ಪೊಟ್ಟಣ ಹಿಡಿದು ಅವನು ಅಂಗಡಿಯ ಬಾಗಿಲ ಮುಂದೆ ನಿಂತಿದ್ದ. ಬಾಗಿಲ ಮೇಲೆ ಊರಿನ ಹುಡುಗಿ ಚಿನಾರಾ ಅಂಟಿಸಿದ ಕುದುರೆಯ ಚಿತ್ರ. ಅದರ ಕೆಳಗೆ, 'ನಮ್ಮ ಕುದುರೆ ತೊರು ಕಳೆದುಹೋಗಿದೆ. ಕಂಡವರು ತಿಳಿಸಿ.'

"ಸರಿಯಾಗಿ ನೋಡೋ," ಎಂದಳು ಅಂಗಡಿಯ ಬಾಕ್ತಿಗುಲ್. "ಹೆಣ್ಣು ಕುದುರೆ, ಒಂದು ಹಿಂಗಾಲು ಬಿಳಿ. ನಿನ್ನ ಹಿಂಡಿಗೆ ಸೇರ್ಕೊಂಡಿರೋದೂ ಹಾಗೇ ಇದೆ ಅಂದ್ಯಲ್ಲ?"

"ಅದರ ಬಿಳಿ ಕಾಲು ಎಡಗಡೆ. ಇದರದ್ದು ಬಲಗಡೆ. ನನಗೇನು ಕಣ್ಣಿಲ್ವಾ?"

ಸಕ್ಕರೆ ಮೂಟೆಯ ಮೇಲೆ ಕೂತಿದ್ದ ಚಿನಾರಾ ಜಿಗಿದು ಇಳಿದಳು. "ನಮ್ಮ ತೊರುಗೂ ಎಡಗಾಲೇ ಬಿಳಿ!"

"ಓಹೋ! ಆಗಲೇ ಕಾಲು ಬದಲಾಯ್ತಾ? ಇನ್ನು ಸ್ವಲ್ಪ ಹೊತ್ತು ಬಿಟ್ರೆ ಬಾಲಾನೂ ಬದಲಾಗುತ್ತೆ."

ಅಂಗಡಿಯಲ್ಲಿದ್ದವರೆಲ್ಲ ನಕ್ಕರು.

ಚಿನಾರಾ ಚಿತ್ರದ ಕಡೆ ತಿರುಗಿದಳು. ಹಳೇ ಕಿಟಕಿಯ ಗಾಜಿಗೆ ಬೂಟ್ ಪಾಲಿಶ್ ಮತ್ತು ಎಣ್ಣೆ ಕಲಸಿ ಬಳಿದಿದ್ದಳು. ಬಾಚಣಿಗೆಯಿಂದ ಗೀರಿ ಕುತ್ತಿಗೆಯ ಕೇಸರ ಮಾಡಿದ್ದಳು. ಹೆಬ್ಬೆರಳಿನಿಂದ ಒರೆಸಿ ಬಿಳಿ ಕಾಲು ಮಾಡಿದ್ದಳು. ಆಮೇಲೆ ಗೋಡೆಗೆ ಅಂಟಿಸುವ ಕಾಗದದ ಹಿಂಬದಿಯನ್ನು ಅದರ ಮೇಲೆ ಹಾಸಿ, ಮರದ ಸೌಟಿನಿಂದ ಉಜ್ಜಿ ಎತ್ತಿದ್ದಳು. ಮೊದಮೊದಲು ಬರೀ ಕಲೆ ಬಂದಿತ್ತು. ಎಣ್ಣೆ ಕಡಿಮೆ ಮಾಡಿದ ಮೇಲೆ ಕೇಸರದ ಒಂದೊಂದು ಕೂದಲೂ ಎದ್ದು ಬಂತು. "ಇಂಥದ್ದು ಒಂದೇ ಸಲ ಬರೋದು ಕಣೇ," ಎಂದಿದ್ದರು ಡ್ರಾಯಿಂಗ್ ಟೀಚರ್. ಊರಲ್ಲೆಲ್ಲ ಆ ಕೇಸರವನ್ನು ಹೊಗಳಿದ್ದೇ ಹೊಗಳಿದ್ದು. ಕಾಲು ಯಾರೂ ನೋಡಿರಲಿಲ್ಲ. ಅವಳೂ ನೋಡಿರಲಿಲ್ಲ.

"ಗಾಜಿನ ಮೇಲೆ ಸರಿಯಾಗೇ ಬರೆದಿದ್ದೆ," ಎಂದಳು. "ಕಾಗದದಲ್ಲಿ ತಿರುವುಮುರುವಾಗಿ ಬಂದಿದೆ."

"ನೋಡು ಮರಿ," ಎಂದ ಎರ್ಮೆಕ್. "ನಿನ್ನೆ ಒಬ್ಬ ಬಂದು ಅದು ತನ್ನದೇ ಅಂದ. ಹಣೆ ಮೇಲೆ ಚುಕ್ಕೆ ಇದೆ ಅಂದ. ಚುಕ್ಕೇನೂ ಇಲ್ಲ, ಮಣ್ಣೂ ಇಲ್ಲ. ಕೇಳಿದವರಿಗೆಲ್ಲ ಹಂಚೋಕೆ ಅದೇನು ಮಿಠಾಯಿನಾ? ನಿಮ್ಮ ತಾತನ್ನ ಕರಿ. ಸಂಜೆಗೆ ನನ್ನ ಹಿಂಡು ಬೆಟ್ಟ ದಾಟುತ್ತೆ."

ತೊರುವನ್ನು ಹುಡುಕಲು ತಾತ ಬೇರೆಯವರ ಕುದುರೆ ಹತ್ತಿ ಮೇಲಿನ ಹುಲ್ಲುಗಾವಲಿಗೆ ಹೋಗಿದ್ದರು. ಅಲ್ಲಿ ಫೋನ್ ಸಿಗುವುದಿಲ್ಲ. ಹಿಂಡು ಬೆಟ್ಟ ದಾಟಿದರೆ ಮುಗಿಯಿತು, ವಸಂತದವರೆಗೆ ಈ ಕಡೆ ಬರುವುದಿಲ್ಲ.

"ಒಂದು ನಿಮಿಷ ಇರಿ!" ಎಂದು ಚಿನಾರಾ ಮನೆಗೆ ಓಡಿದಳು. ಗಾಜು, ಪಾಲಿಶ್ ಡಬ್ಬಿ, ಚಿಂದಿ ಬಟ್ಟೆ ತಂದು ಅಂಗಡಿಯ ಮೆಟ್ಟಿಲ ಮೇಲೆ ಹರಡಿದಳು.

ಎರ್ಮೆಕ್‌ನ ಮುದಿ ಕುದುರೆಯನ್ನು ಎದುರಿನ ಕಂಬಕ್ಕೆ ಕಟ್ಟಿತ್ತು. ಅದರ ಎಡಗಣ್ಣಿಗೆ ಬಿಳಿ ಪೊರೆ. ಎಡಕ್ಕೆ ಮುಖ ಮಾಡಿದ ಕುದುರೆಯ ತಲೆಯನ್ನು ಅವಳು ಬೇಗಬೇಗ ಬರೆದಳು. ಕಣ್ಣಿನ ಜಾಗವನ್ನು ಬೆರಳಿಂದ ಒರೆಸಿದಳು.

"ಇದು ನಿಮ್ಮದಾ?"

ಎರ್ಮೆಕ್ ಬಗ್ಗಿದ. "ಹೂಂ. ನನ್ನ ಮುದುಕನೇ. ಕುರುಡು ಕಣ್ಣನ್ನೂ ಬಿಟ್ಟಿಲ್ಲ ನೋಡು, ತರಲೆ."

ಬಾಕ್ತಿಗುಲ್ ಪೊಟ್ಟಣ ಕಟ್ಟುವ ಕಾಗದ ಕೊಟ್ಟಳು. ಚಿನಾರಾ ಅದನ್ನು ಗಾಜಿನ ಮೇಲೆ ಹಾಸಿ ಮುಷ್ಟಿಯಿಂದ ಉಜ್ಜಿದಳು. ಮೂಲೆ ಹಿಡಿದು ಮೆಲ್ಲಗೆ ಎತ್ತಿದಳು.

"ಈಗ?"

ಎರ್ಮೆಕ್ ಕಾಗದ ನೋಡಿದ. ಕುದುರೆ ನೋಡಿದ. ಮತ್ತೆ ಕಾಗದ ನೋಡಿದ.

"ಇದು ನನ್ನದಲ್ಲ," ಎಂದ. "ಇದಕ್ಕೆ ಬಲಗಣ್ಣು ಕುರುಡು. ನನ್ನದರ ಬಲಗಣ್ಣು ಚೆನ್ನಾಗೇ..."

ಈ ಸಲ ನಕ್ಕವಳು ಬಾಕ್ತಿಗುಲ್ ಒಬ್ಬಳೇ. "ಒಂದು ಸಲ ಉಜ್ಜಿದ್ದಕ್ಕೇ ಕುರುಡು ಆ ಕಡೆ ಹೋಯ್ತಲ್ಲೋ ಎರ್ಮೆಕ್!"

ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ. "ಕುದುರೆ ಮೇಲೆ ನನ್ನ ಹಿಂದೆ ಹತ್ತಿ ಕೂತ್ಕೋ," ಎಂದ. "ಬಂದು ನೋಡು. ನಿಂದೇ ಆದ್ರೆ ಹಗ್ಗ ನಿನ್ನ ಕೈಗೇ ಕೊಡ್ತೀನಿ."

ಬಿಸಿಲು ಇಳಿಯುವ ಮೊದಲೇ ತೊರು ಮನೆಯಂಗಳದಲ್ಲಿತ್ತು. ತಾತ ಬಂದವರೇ ಅದರ ಕುತ್ತಿಗೆ ತಟ್ಟಿ, ಯಾವಾಗಿನಂತೆ ಎಡಗಡೆ ಮಂಡಿಯೂರಿ ಹಾಲು ಕರೆದರು. ಚಿನಾರಾ ಯಾವಾಗಿನಂತೆ ಅವರ ಪಕ್ಕ ಬಕೆಟ್ ಹಿಡಿದು ನಿಂತಳು.

ತಾತ ಹಾಲನ್ನು ಪಾತ್ರೆಗೆ ಸುರಿದು ಒಳಗೆ ಒಯ್ದ ಮೇಲೆ ಅವಳು ಖಾಲಿ ಬಕೆಟ್ ಬೋರಲು ಹಾಕಿ, ಕುದುರೆಯ ಮುಂದೆ ಸುತ್ತಿ, ತಾನು ಎಂದೂ ನಿಂತು ನೋಡಿರದ ಬಲಗಡೆಗೆ ಹೋದಳು.

ಅಲ್ಲಿ ಕೇಸರವೇ ಇರಲಿಲ್ಲ. ಕೂದಲೆಲ್ಲ ಎಡಕ್ಕೆ ಬಿದ್ದು, ಬಲಗಡೆ ಕುತ್ತಿಗೆ ಬೋಳಾಗಿತ್ತು. ಭುಜದ ಮೇಲೆ ಗೇಣುದ್ದದ ಗಾಯದ ಗುರುತು. ಎಂದೋ ಆಗಿ, ಎಂದೋ ಮಾಗಿದ್ದು. ಅವಳು ಅದರ ಮೇಲೆ ಬೆರಳಾಡಿಸಿದಳು. ತೊರುವಿನ ಚರ್ಮ ಥಟ್ಟನೆ ಅದುರಿತು.

ಚಿನಾರಾ ಬಕೆಟನ್ನು ಬಲಗಡೆಗೇ ಎಳೆದುಕೊಂಡು, ಅದರ ಮೇಲೆ ಕೂತು ತೊರುವನ್ನು ನೋಡತೊಡಗಿದಳು. ಕತ್ತಲಾಗಲು ಇನ್ನೂ ಹೊತ್ತಿತ್ತು.